ಹಿಮದಲ್ಲಿಟ್ಟ ಅಡಿಗೆ

ಒಂದು ರಾತ್ರಿ ಕಳೆದ ಅಡಿಗೆಗೆ ಕನ್ನಡದಲ್ಲಿ ತಂಗಳೆಂದು ಹೆಸರು. ಕೆಟ್ಟು ನಾರುವ ಅಡಿಗೆಗೆ ಹಳಸಿದ್ದೆಂದು ಹೆಸರು. ಭಾಷೆಯು ಈ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರುವುದು ಅರ್ಥವಿಲ್ಲದೆ ಅಲ್ಲ. ತಂಗಳಾದುದೆಲ್ಲವೂ ಹಳಸಿದ್ದಲ್ಲ, ಬೇಸಗೆಯಲ್ಲಿ ಮಧ್ಯಾಹ್ನದ ಅಡಿಗೆಯು ತಂಗಳಾಗುವುದಕ್ಕೆ ಮೊದಲೇ ಹಳಸುವುದೂ ಉಂಟು. ಆದರೂ ಲೋಕವ್ಯವಹಾರದಲ್ಲಿ ಎರಡನೆಯದರ ಕಳಂಕವು ಮೊದಲನೆಯದಕ್ಕೂ ಹತ್ತಿಕೊಂಡಿದೆ. ತಂಗಳನ್ನವಿಕ್ಕಿದರೆಂದರೆ ಅನಾದರ ಮಾಡಿದರೆಂದೇ ಅರ್ಥ. ಬಂದ ನೆಂಟನಿಗೆ ಒಲೆ ಹೊತ್ತಿಸದೆ ಇದ್ದುದನ್ನು ಬಡಿಸಿದ ಮನೆಯ ಮಾತು ನಾಲ್ಕು ಊರುಗಳಿಗೆ ಹಬ್ಬುತ್ತಿತ್ತು.

ಇಂಥ ಸಂಸ್ಕಾರದಲ್ಲಿ ಬೆಳೆದವರ ಮನೆಗಳಿಗೆ ಈಚೆಗೆ ಒಂದು ಹೊಸ ಪದ್ಧತಿಯು ಕಾಲಿರಿಸಿದೆ. ವಾರವೆಲ್ಲ ಹೊರಗೆ ದುಡಿಯುವ ದಂಪತಿಗಳು ಭಾನುವಾರದಂದು ದೊಡ್ಡ ಪಾತ್ರೆಗಳನ್ನಿಟ್ಟು ಹುಳಿ, ಸಾರು, ಕಾಳಿನ ಗೊಜ್ಜು, ಕೋಳಿಸಾರು ಮುಂತಾದುವನ್ನು ಹತ್ತು ಹೊತ್ತಿಗಾಗುವಷ್ಟು ಮಾಡಿ, ಆರಿಸಿ, ಡಬ್ಬಿಗಳಿಗೆ ಹಂಚಿ, ಫ್ರೀಜರಿನಲ್ಲಿಡುತ್ತಾರೆ. ಬೇಕಾದ ದಿನ ಒಂದು ಡಬ್ಬಿಯನ್ನು ತೆಗೆದು ಕಾಯಿಸಿದರೆ ಊಟವು ಸಿದ್ಧ. ಬೆಂಗಳೂರಿನಲ್ಲಿ ಇದು ಇನ್ನೂ ಹೊಸತು. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಹಳತು. ಮಗಳ ಬಾಣಂತನಕ್ಕೆಂದು ಸಮುದ್ರವನ್ನು ದಾಟಿ ಹೋದ ತಾಯಿಯು, ಆ ದೇಶದವರು ಕೊಟ್ಟ ಆರು ತಿಂಗಳ ಅವಧಿಯು ಮುಗಿಯುವ ಮುನ್ನ, ಕಡೆಯ ಒಂದೆರಡು ವಾರ ಮಾಡುವ ಕೆಲಸವೇ ಇದು. ಕೂಸನ್ನು ಮಡಿಲಲ್ಲಿಟ್ಟುಕೊಂಡ ಮಗಳಿಗೆ ತಾನು ಹೋದ ಮೇಲೆ ಯಾರು ಬೇಯಿಸಿಹಾಕುತ್ತಾರೆಂಬ ಚಿಂತೆಯಿಂದ ಆಕೆಯು ಬೇಳೆ ಬೇಯಿಸುತ್ತಾಳೆ, ಹೂರಣ ರುಬ್ಬುತ್ತಾಳೆ, ಹೋಳಿಗೆ ಬೇಯಿಸಿ ನಡುನಡುವೆ ಕಾಗದವಿಟ್ಟು ಅಡಕುತ್ತಾಳೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿ ತನ್ನ ಅಕ್ಷರದಲ್ಲಿ ಹೆಸರನ್ನೂ ತಿಂಗಳನ್ನೂ ಬರೆಯುತ್ತಾಳೆ. ಊರಿನಲ್ಲಿ ಒಂದು ಹೊತ್ತಿನ ತಂಗಳನ್ನೂ ತಿನ್ನದ ಹೆಂಗಸು ತನ್ನ ಮಗಳಿಗಾಗಿ ಎರಡು ತಿಂಗಳ ತಂಗಳನ್ನು ತಾನೇ ಮಾಡಿಡುತ್ತಾಳೆ.

ಇದು ನಿಜವಾಗಿಯೂ ತಂಗಳೇ? ತಂಗಳಾದರೆ ಇದರಲ್ಲಿ ದೋಷವುಂಟೇ? ದೋಷವಿದ್ದರೆ ಅದು ಅಡಿಗೆಯದೋ, ಉಣ್ಣುವವರದೋ, ಮಾಡುವವರದೋ?

ಮೊದಲು ಶಾಸ್ತ್ರದ ಮಾತನ್ನು ನೋಡುವುದು ಯುಕ್ತ. ಭಗವದ್ಗೀತೆಯ ೧೭ನೆಯ ಅಧ್ಯಾಯವು ಆಹಾರವನ್ನು ಗುಣತ್ರಯಕ್ಕನುಸಾರವಾಗಿ ವಿಂಗಡಿಸುವಾಗ, ಯಾತಯಾಮವೂ ಗತರಸವೂ ಪರ್ಯುಷಿತವೂ ಆದುದನ್ನು ತಾಮಸರಿಗೆ ಪ್ರಿಯವಾದ ಆಹಾರಗಳಲ್ಲಿ ಎಣಿಸುತ್ತದೆ. ಯಾತಯಾಮವೆಂದರೆ ಬೇಯಿಸಿ ಒಂದು ಜಾವ ಕಳೆದುದೆಂದು ಬಹುಮಂದಿ ಅರ್ಥಮಾಡುತ್ತಾರೆ. ಶಂಕರಾಚಾರ್ಯರು ಹಾಗೆ ಮಾಡದೆ, ಸರಿಯಾಗಿ ಬೇಯದುದು ಎಂದು ಭಾಷ್ಯ ಬರೆದಿದ್ದಾರೆ. ಸಾರವು ಹೋದದ್ದು ಎಂಬ ಮಾತು ಒಡನೆಯೇ ಬರುವುದರಿಂದ ಪುನರುಕ್ತಿಯಾಗಬಾರದೆಂಬುದು ಅವರ ಕಾರಣ. ಪರ್ಯುಷಿತವೆಂಬುದಕ್ಕೆ ಮಾತ್ರ ಅವರ ಅರ್ಥವೂ ಲೋಕದ ಅರ್ಥವೂ ಒಂದೇ: ಬೆಂದ ಮೇಲೆ ನಡುವೆ ಒಂದು ರಾತ್ರಿ ಕಳೆದದ್ದು. ಇನ್ನು ಮನುಸ್ಮೃತಿಯ ೫ನೆಯ ಅಧ್ಯಾಯವು ಪರ್ಯುಷಿತವಾದರೂ ಉಣ್ಣಬಹುದಾದ ಕೆಲವನ್ನು ಬಿಡಿಸಿ ಹೇಳುತ್ತದೆ. ಎಣ್ಣೆ ತುಪ್ಪಗಳ ಜಿಡ್ಡು ಕೂಡಿದುದಕ್ಕೆ ದೋಷವಿಲ್ಲ. ಜವೆ ಗೋಧಿಗಳಿಂದ ಮಾಡಿದುದೂ ಹಾಲಿನ ವಿಕಾರಗಳೂ ಜಿಡ್ಡಿಲ್ಲದಿದ್ದರೂ, ಬಹುಕಾಲ ನಿಂತರೂ ಉಣ್ಣಲು ಯೋಗ್ಯ.

ಈ ವಿನಾಯಿತಿಯೇ ನಿಯಮದ ಒಳಗುಟ್ಟನ್ನು ಹೊರಗೆಡಹುತ್ತದೆ. ನೀರಿನಲ್ಲಿ ಬೆಂದ ಅನ್ನವು ಒಂದು ರಾತ್ರಿಯಲ್ಲಿ ಕೆಡುತ್ತದೆ. ತುಪ್ಪದಲ್ಲಿ ಕರಿದುದು ಕೆಡುವುದಿಲ್ಲ. ನಿಯಮವನ್ನು ಮಾಡಿದವರು ಸೂರ್ಯನ ಉದಯಾಸ್ತಗಳನ್ನು ಮಾತ್ರ ನೋಡಿ ಮಾಡಲಿಲ್ಲ. ವಸ್ತುವಿನ ಸ್ವಭಾವವನ್ನು ನೋಡಿ ಮಾಡಿದರು. ಉತ್ತರ ಕರ್ನಾಟಕದಲ್ಲಿ ಖಡಕ್ ಜೋಳದ ರೊಟ್ಟಿಯನ್ನು ತಿಂಗಳುಗಟ್ಟಲೆ ಅಡಕಿಟ್ಟು ತಿನ್ನುವವರನ್ನು ಯಾರೂ ತಾಮಸರೆಂದು ಕರೆದಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹುರಿಹಿಟ್ಟು, ಪುಳಿಯೋಗರೆಯ ಗೊಜ್ಜು, ಕರಾವಳಿಯವರು ಉಪ್ಪುನೀರಿನಲ್ಲಿ ಹಾಕಿಡುವ ಹಲಸಿನ ತೊಳೆ — ಇವೆಲ್ಲವೂ ಮುಂದಿನ ಹೊತ್ತಿಗೆಂದು ಇಂದು ಮಾಡಿಟ್ಟವುಗಳೇ. ಬಸ್ಸಾರನ್ನೂ ಮೀನಿನ ಸಾರನ್ನೂ ಬಲ್ಲವರು ಮಾರನೆಯ ದಿನಕ್ಕಾಗಿ ಕಾದು ಉಣ್ಣುತ್ತಾರೆಂಬುದನ್ನು ಶಾಸ್ತ್ರಕಾರರು ಗಮನಿಸಿದಂತೆ ಕಾಣುವುದಿಲ್ಲ.

ಹಾಗಾದರೆ ವಿಚಾರವು ರಾತ್ರಿಯೆಂಬ ಮಾತಿನ ಮೇಲೆ ನಿಲ್ಲುತ್ತದೆ. ರಾತ್ರಿಯು ಯಾರಿಗೆ ಕಳೆಯಿತು? ಮನೆಯವರು ಮಲಗಿ ಎದ್ದರು. ಸೂರ್ಯನು ಒಂದು ಸುತ್ತು ಬಂದನು. ಆದರೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಇಟ್ಟ ಹುಳಿಯ ಮಟ್ಟಿಗೆ ಹೆಚ್ಚೇನೂ ನಡೆದಿಲ್ಲ. ಅಡಿಗೆಯನ್ನು ಕೆಡಿಸುವ ಸೂಕ್ಷ್ಮಜೀವಿಗಳು ಅಷ್ಟು ಚಳಿಯಲ್ಲಿ ಬೆಳೆಯಲಾರವು. ಅವು ಎಲ್ಲವೂ ಸಾಯುವುದಿಲ್ಲ, ನಿದ್ರಿಸುತ್ತವೆ. ಆದಕಾರಣವೇ ಹೊರತೆಗೆದ ಮೇಲೆ ಚೆನ್ನಾಗಿ ಕುದಿಸಬೇಕೆಂಬ ಎಚ್ಚರಿಕೆ. ಕಾಲವೆಂಬುದು ವಸ್ತುವಿನ ವಿಕಾರದಿಂದಲೇ ತಿಳಿಯತಕ್ಕದ್ದಾದರೆ, ಆ ಡಬ್ಬಿಯೊಳಗೆ ಕಾಲವು ಕುಂಟುತ್ತ ನಡೆಯುತ್ತಿದೆಯೆನ್ನಬೇಕು. ನಿಂತೇಬಿಟ್ಟಿದೆಯೆನ್ನಲಾಗದು: ಜಿಡ್ಡು ಮೆಲ್ಲನೆ ಕಮಟಾಗುತ್ತದೆ, ಸರಿಯಾಗಿ ಮುಚ್ಚದಿದ್ದರೆ ಮೇಲ್ಭಾಗದ ನೀರು ಆವಿಯಾಗಿ ಹೋಗಿ ಅಡಿಗೆಯು ಒಣಗಿ ಬೆಳ್ಳಗಾಗುತ್ತದೆ. ಸಾರು ಹುಳಿಗಳು ಎರಡು ಮೂರು ತಿಂಗಳು ರುಚಿಯನ್ನು ಉಳಿಸಿಕೊಳ್ಳುತ್ತವೆ. ಆಮೇಲೆ ಅಪಾಯವಿಲ್ಲದಿದ್ದರೂ ಸ್ವಾರಸ್ಯವಿಲ್ಲ. ಗೀತೆಯ ಗತರಸವೆಂಬ ಮಾತು ಅಲ್ಲಿಗೆ ಸರಿಯಾಗಿ ಹೊಂದುತ್ತದೆ.

ಚಳಿಯಿಂದ ಆಹಾರವನ್ನು ಕಾಯಬಹುದೆಂಬ ಆಲೋಚನೆಯು ಹೊಸದಲ್ಲ. ಕೋಳಿಯೊಂದರ ಹೊಟ್ಟೆಗೆ ಹಿಮವನ್ನು ತುಂಬಿ ನೋಡಹೋಗಿ ಚಳಿ ಹತ್ತಿ, ೧೬೨೬ರಲ್ಲಿ ಫ್ರಾನ್ಸಿಸ್ ಬೇಕನ್ನನು ತೀರಿಕೊಂಡನೆಂದು ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ತತ್ತ್ವಜ್ಞಾನಿಗಳು ಅಡಿಗೆಮನೆಗೆ ಕಾಲಿಟ್ಟ ಸಂದರ್ಭಗಳು ವಿರಳವಾದುದರಿಂದ ಇದನ್ನು ಮರೆಯಬಾರದು. ಆದರೆ ಮೆಲ್ಲಗೆ ಹೆಪ್ಪುಗಟ್ಟಿಸಿದರೆ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಆಹಾರದ ಒಡಲನ್ನು ಹರಿಯುತ್ತವೆ. ಕರಗಿದಾಗ ಅದು ನೀರುನೀರಾಗುತ್ತದೆ. ೧೯೧೨ರಿಂದ ಮುಂದಿನ ಕೆಲವು ವರ್ಷ ಲ್ಯಾಬ್ರಡಾರಿನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು, ಅಲ್ಲಿಯ ಇನ್ಯುಯಿಟ್ ಜನರು ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ಗಡುಸಾಗುವುದನ್ನೂ, ತಿಂಗಳುಗಳ ಮೇಲೆ ಬೇಯಿಸಿದರೂ ಹೊಸದರಂತೆಯೇ ಇರುವುದನ್ನೂ ಕಂಡನು. ಬೇಗನೆ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಗಾಯವೂ ಸಣ್ಣದು. ಆ ತತ್ತ್ವದ ಮೇಲೆ ಯಂತ್ರಗಳನ್ನು ಮಾಡಿ, ೧೯೩೦ರಲ್ಲಿ ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಹಿಮಗಟ್ಟಿದ ಆಹಾರದ ಮಾರಾಟಕ್ಕೆ ತೊಡಗಿದರು. ಗೃಹಿಣಿಯು ಡಬ್ಬಿಗಳನ್ನು ಚಿಕ್ಕವಾಗಿಯೂ ಚಪ್ಪಟೆಯಾಗಿಯೂ ಆರಿಸಿಕೊಳ್ಳುವುದರ ಹಿಂದೆ ಇದೇ ತತ್ತ್ವವಿದೆ. ಆಲೂಗೆಡ್ಡೆಯು ಹಿಮದಲ್ಲಿ ಮರಳುಮರಳಾಗುವುದನ್ನೂ, ಮೊಸರು ಒಡೆಯುವುದನ್ನೂ, ಕಾಯಿ ಅರೆದು ಹಾಕಿದ ಸಾರು ಬಿಡಿಬಿಡಿಯಾಗುವುದನ್ನೂ ಅವಳು ಅನುಭವದಿಂದ ಅರಿತಿದ್ದಾಳೆ. ಬೆಂದುದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು, ಕರಗಿಸಿದುದನ್ನು ಮತ್ತೆ ಹಿಮಗಟ್ಟಿಸಬಾರದು ಎಂಬ ನಿಯಮಗಳು ಹಳೆಯ ಮಡಿಯ ನಿಯಮಗಳಿಗಿಂತ ಸಡಿಲವೇನೂ ಅಲ್ಲ. ಮುಸುರೆಯ ಭಯವು ಹೋಗಿ ಇನ್ನೊಂದು ಭಯವು ಆ ಸ್ಥಾನದಲ್ಲಿ ಕುಳಿತಿದೆಯೆಂದರೂ ಸಲ್ಲುತ್ತದೆ.

ಅಡಿಗೆಯ ಮೇಲಿನ ದೋಷಾರೋಪವು ಇಷ್ಟರಿಂದ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಆದರೆ ಬಿಸಿಯಾದುದನ್ನೇ ಉಣ್ಣಬೇಕೆಂಬ ನಿಯಮದ ಬಲವು ಆರೋಗ್ಯದಿಂದ ಮಾತ್ರ ಬಂದುದಲ್ಲ. ಚರಕಸಂಹಿತೆಯೂ ಬಿಸಿಯಾದುದನ್ನು ಉಣ್ಣಬೇಕೆಂದು ವಿಧಿಸಿ ಅದರ ಗುಣಗಳನ್ನು ಹೇಳುತ್ತದೆ; ಅದು ಸರಿಯೇ. ಆದರೆ ಆ ವಿಧಿಯೆಲ್ಲ ಉಣ್ಣುವವನನ್ನು ಕುರಿತದ್ದು. ಅವನಿಗೆ ಬಿಸಿಯಾದ ಅನ್ನ ಸಿಗಬೇಕಾದರೆ ಇನ್ನೊಬ್ಬರು ಒಲೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಯಾವ ಸಂಹಿತೆಯು ಲೆಕ್ಕಹಾಕಿದೆ? ರೊಟ್ಟಿಯನ್ನು ಒಂದೊಂದಾಗಿ ಬಡಿದು, ಉಬ್ಬಿದುದನ್ನು ಉಬ್ಬಿದಂತೆಯೇ ತಟ್ಟೆಗೆ ಹಾಕುವ ಮನೆಯಲ್ಲಿ, ಬಡಿಯುವವಳು ಕಡೆಗೆ ಉಣ್ಣಲು ಕುಳಿತಾಗ ಅವಳ ರೊಟ್ಟಿಯು ಆರಿಹೋಗಿರುತ್ತದೆ. ಬಿಸಿಯೂಟದ ಧರ್ಮವನ್ನು ಅತ್ಯಂತ ನಿಷ್ಠೆಯಿಂದ ನಡೆಸಿದವಳು ಅದರ ಫಲವನ್ನು ಉಂಡವಳಲ್ಲ.

ತಂಗಳಿನ ಚರಿತ್ರೆಯಲ್ಲಿ ಇದಕ್ಕಿಂತಲೂ ಕಹಿಯಾದ ಅಂಶವೊಂದಿದೆ. ಒಡೆಯನಿಗೆ ಬಿಸಿ, ಆಳಿಗೆ ತಂಗಳು. ಅತ್ತೆಗೆ ಬಿಸಿ, ಸೊಸೆಗೆ ತಂಗಳು. ಊರಿನ ಹೊರಗಿನವರಿಗೆ ಸಂಜೆಯ ಮೇಲೆ ಹಿತ್ತಲ ಬಾಗಿಲಿನಲ್ಲಿ ಸಿಕ್ಕುತ್ತಿದ್ದುದೂ ಅದೇ. ತಾಮಸಗುಣವುಳ್ಳವರು ತಂಗಳನ್ನು ಇಷ್ಟಪಡುತ್ತಾರೆಂದು ಹೇಳಿದುದುಂಟು. ಆದರೆ ತಂಗಳನ್ನುಂಡವರಲ್ಲಿ ಎಷ್ಟು ಮಂದಿ ಅದನ್ನು ಇಷ್ಟಪಟ್ಟು ಉಂಡರು? ಅವರ ಮುಂದೆ ಬೇರೆ ತಟ್ಟೆಯನ್ನು ಯಾರೂ ಇಡಲಿಲ್ಲ. ಹಿಮದಲ್ಲಿಟ್ಟ ಅಡಿಗೆಯ ಪದ್ಧತಿಯಲ್ಲಿ ಬೇರೆ ಏನು ಕುಂದಿದ್ದರೂ, ಮನೆಯವರೆಲ್ಲರೂ ಒಂದೇ ಡಬ್ಬಿಯಿಂದ ಉಣ್ಣುತ್ತಾರೆ. ಒಬ್ಬರಿಗೆ ಹೊಸತು ಒಬ್ಬರಿಗೆ ಹಳತು ಎಂಬ ಭೇದವಿಲ್ಲ. ಇದು ಸಣ್ಣ ಲಾಭವಲ್ಲ.

ಒಲೆಗೂ ಒಲೆಯ ಮುಂದಿನವಳಿಗೂ ಬಿಡುವು ಬೇಕೆಂಬುದನ್ನು ಲೋಕಾಚಾರವು ಕೆಲವೆಡೆ ಶಾಸ್ತ್ರಕ್ಕಿಂತ ಮೊದಲೇ ಕಂಡುಕೊಂಡಿತು. ಗುಜರಾತಿನಲ್ಲಿ ಶ್ರಾವಣದ ಕೃಷ್ಣಪಕ್ಷದ ಷಷ್ಠಿಗೆ ರಾಂಧಣ ಛಠ್ ಎಂದು ಹೆಸರು. ಅಡಿಗೆಯ ಷಷ್ಠಿ ಎಂದೇ ಅದರ ಅರ್ಥ. ಅಂದು ಬೇಕಾದುದನ್ನೆಲ್ಲ ಮಾಡಿಟ್ಟು, ಒಲೆಯನ್ನು ಆರಿಸಿ, ತೊಳೆದು ಪೂಜಿಸುತ್ತಾರೆ. ಮರುದಿನ ಶೀತಲಾ ಸಪ್ತಮಿ. ಅಂದು ಬೆಂಕಿ ಹೊತ್ತಿಸುವಂತಿಲ್ಲ. ಎಲ್ಲರೂ ಹಿಂದಿನ ದಿನದ ತಣ್ಣನೆಯ ಅಡಿಗೆಯನ್ನೇ ಉಣ್ಣಬೇಕು. ಪರ್ಯುಷಿತವು ಅಲ್ಲಿ ಒಂದು ದಿನದ ಮಟ್ಟಿಗೆ ದೇವಿಯ ಪ್ರಸಾದವೇ ಆಗುತ್ತದೆ. ಯೆಹೂದ್ಯರಲ್ಲಿ ಶನಿವಾರದ ವಿಶ್ರಾಂತಿಯ ದಿನ ಬೇಯಿಸುವುದು ನಿಷಿದ್ಧ. ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಕಾಳು ಮಾಂಸಗಳ ಪಾತ್ರೆಯನ್ನು ಸಣ್ಣ ಕಾವಿನಲ್ಲಿ ಇಟ್ಟುಬಿಡುತ್ತಾರೆ.

ಅವರ ಧರ್ಮಗ್ರಂಥದಲ್ಲಿಯೇ ಇನ್ನೊಂದು ಕಥೆಯಿದೆ. ಅದು ಈ ವಿಚಾರದ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರೇಲಿನ ಜನಕ್ಕೆ ಆಕಾಶದಿಂದ ಮನ್ನಾ ಎಂಬ ಆಹಾರವು ದಿನದಿನವೂ ಬೀಳುತ್ತಿತ್ತು. ನಾಳೆಗೆಂದು ಎತ್ತಿಟ್ಟವರ ಪಾಲು ಬೆಳಗಾಗುವುದರೊಳಗೆ ಹುಳು ಬಿದ್ದು ನಾರಿತು. ಆದರೆ ವಿಶ್ರಾಂತಿಯ ದಿನದ ಹಿಂದಿನ ದಿನ ಇಮ್ಮಡಿ ಕೂಡಿಸಿ ಇಟ್ಟುದು ಮಾತ್ರ ಕೆಡಲಿಲ್ಲ. ಇಟ್ಟ ವಸ್ತು ಒಂದೇ, ಇಟ್ಟ ಕಾಲವೂ ಒಂದೇ. ಇಟ್ಟ ಉದ್ದೇಶವು ಬೇರೆ.

ಕೂಡಿಡುವುದರ ಮೇಲಿನ ಆಕ್ಷೇಪವು ತಂಗಳಿನ ಮೇಲಿನ ಆಕ್ಷೇಪಕ್ಕಿಂತ ಗಂಭೀರವಾದುದು. ಬೌದ್ಧ ಭಿಕ್ಷುಗಳ ವಿನಯದಲ್ಲಿ, ಪಡೆದ ಆಹಾರವನ್ನು ಮರುದಿನಕ್ಕೆ ಇಟ್ಟುಕೊಂಡು ತಿನ್ನುವುದು ಒಪ್ಪಿಕೊಂಡು ಶುದ್ಧಿಮಾಡಿಕೊಳ್ಳಬೇಕಾದ ಅಪರಾಧ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮನು ಮಿಕ್ಕುದನ್ನು ತಂದಲ್ಲಿಗೇ ಹಾಕಿ ಬರುವಂತೆ ಹೇಳಿದಳೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಹತ್ತು ಹೊತ್ತಿನ ಹುಳಿಯನ್ನು ಹಿಮದಲ್ಲಿ ತುಂಬಿಡುವ ಮನೆಯನ್ನು ಕಂಡರೆ ಅವಳು ಏನನ್ನುತ್ತಿದ್ದಳು?

ಭಿಕ್ಷುವಿನ ನಿಯಮವನ್ನು ಗೃಹಸ್ಥನಿಗೆ ಹೊರಿಸುವುದು ನ್ಯಾಯವಲ್ಲ. ಭಿಕ್ಷುವು ನಾಳೆಗೆಂದು ಇಡದೆ ಇರಬಲ್ಲನು. ಏಕೆಂದರೆ ನಾಳೆ ಅವನ ಪಾತ್ರೆಗೆ ಹಾಕತಕ್ಕ ಗೃಹಿಣಿಯು ಇಟ್ಟಿದ್ದಾಳೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯು ಅನ್ನವನ್ನು ಹೆಚ್ಚಾಗಿ ಮಾಡಬೇಕೆಂದೂ, ನೆಲೆಯನ್ನು ಬಯಸಿ ಬಂದವರನ್ನು ಹಿಂದೆ ಕಳಿಸಬಾರದೆಂದೂ ಒಟ್ಟೊಟ್ಟಿಗೆ ಹೇಳುವುದು ಗೃಹಸ್ಥನ ಮನೆಗೆ ಒಪ್ಪುವ ಮಾತು. ರಾತ್ರಿ ಹತ್ತು ಗಂಟೆಗೆ ಬಂದ ಅತಿಥಿಗೆ ಕಾಲು ಗಂಟೆಯಲ್ಲಿ ಊಟವಿಕ್ಕಬಲ್ಲ ಮನೆಯು ಆ ಉಪದೇಶಕ್ಕೆ ಹೆಚ್ಚು ಹತ್ತಿರವಾದುದೆಂದು ಹೇಳಬಹುದು. ಲಕ್ಕಮ್ಮನ ಮಾತು ಮಾತ್ರ ಇಷ್ಟರಿಂದ ತೀರುವುದಿಲ್ಲ. ಅವಳ ಪ್ರಶ್ನೆಯು ಅಕ್ಕಿಯ ಪ್ರಮಾಣವನ್ನು ಕುರಿತದ್ದಲ್ಲ, ಆಸೆಯನ್ನು ಕುರಿತದ್ದು. ಹಲವು ಮನೆಗಳ ಫ್ರೀಜರಿನ ಅಡಿಯಲ್ಲಿ ಹೆಸರಿಲ್ಲದ, ತಿಂಗಳಿಲ್ಲದ, ಯಾವುದೆಂದು ಗುರುತಿಸಲಾಗದ ಗಡ್ಡೆಗಳು ಕುಳಿತಿರುತ್ತವೆ. ಅವು ಕಡೆಗೆ ಸೇರುವುದು ಕಸದ ತೊಟ್ಟಿಯನ್ನೇ. ಅವುಗಳನ್ನು ಹಸಿವು ಮಾಡಿಸಲಿಲ್ಲ, ಅಗ್ಗದ ಬೆಲೆಯೂ ಖಾಲಿಯಿದ್ದ ಜಾಗವೂ ಮಾಡಿಸಿದವು. ಮನ್ನಾದ ಹುಳುವು ಹಿಮದಲ್ಲಿ ಕಾಣಿಸುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಈಗ ಉಳಿದದ್ದು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಉಳಿದ ಹೊತ್ತು ಯಾರ ಪಾಲಿಗೆ ಬಂತು? ೨೦೧೯ರಲ್ಲಿ ಭಾರತ ಸರ್ಕಾರವು ಜನರು ದಿನದ ಹೊತ್ತನ್ನು ಕಳೆಯುವ ಬಗೆಯನ್ನು ಕುರಿತು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ನೂರಕ್ಕೆ ೮೧ ಹೆಂಗಸರೂ ೨೬ ಗಂಡಸರೂ ತೊಡಗಿದ್ದರು. ತೊಡಗಿದವರಲ್ಲಿಯೂ ಹೆಂಗಸರಿಗೆ ದಿನಕ್ಕೆ ಸರಾಸರಿ ೨೯೯ ನಿಮಿಷ, ಗಂಡಸರಿಗೆ ೯೭ ನಿಮಿಷ. ಈ ಲೆಕ್ಕವನ್ನು ಮುಂದಿಟ್ಟುಕೊಂಡು ಭಾನುವಾರದ ಅಡಿಗೆಯನ್ನು ನೋಡಬೇಕು. ಸೋಮವಾರದಿಂದ ಶನಿವಾರದವರೆಗಿನ ಸಂಜೆಗಳು ಹಗುರವಾದುದು ನಿಜ. ಆ ಭಾರವು ಕರಗಿಹೋಯಿತೇ, ಅಥವಾ ಭಾನುವಾರದ ತಲೆಯ ಮೇಲೆ ಬಂದು ಕುಳಿತಿತೇ? ಗಂಡನು ಪತ್ರಿಕೆಯನ್ನು ಓದುತ್ತ, ಮಕ್ಕಳು ಆಡುತ್ತ, ಒಬ್ಬಳೇ ಬೆಳಗಿನಿಂದ ಸಂಜೆಯವರೆಗೆ ಹೆಚ್ಚುತ್ತ ಒಗ್ಗರಿಸುತ್ತ ನಿಂತರೆ, ಅವಳ ವಾರದ ಏಕೈಕ ರಜೆಯನ್ನೇ ಡಬ್ಬಿಗಳಲ್ಲಿ ತುಂಬಿ ಹಿಮದಲ್ಲಿಟ್ಟಂತಾಯಿತು. ಮನೆಯವರು ಆರು ದಿನ ಉಣ್ಣುವುದು ಅದನ್ನೇ. ಅದೇ ಕೆಲಸಕ್ಕೆ ಇಬ್ಬರು ಕೂಡಿದರೆ, ಒಬ್ಬರು ಈರುಳ್ಳಿ ಹೆಚ್ಚಿ ಇನ್ನೊಬ್ಬರು ಪಾತ್ರೆ ತೊಳೆದರೆ, ಮಧ್ಯಾಹ್ನದೊಳಗೆ ಮುಗಿದು ಸಂಜೆಯು ಇಬ್ಬರಿಗೂ ಮಿಗುತ್ತದೆ. ದಿನದಿನದ ಅಡಿಗೆಯಲ್ಲಿ ಕಚೇರಿಯ ನೆಪವುಂಟು, ಹೊತ್ತಾಯಿತೆಂಬ ನೆಪವುಂಟು; ಭಾನುವಾರದ ಅಡಿಗೆಯಲ್ಲಿ ಗಂಡಸಿಗೆ ನೆಪವೇ ಇಲ್ಲ. ಈ ಪದ್ಧತಿಯು ಮನೆಯ ಅನ್ಯಾಯವನ್ನು ಅಳಿಸುವುದಿಲ್ಲವಾದರೂ ಕಣ್ಣಿಗೆ ಕಾಣುವಂತೆ ಒಂದೆಡೆ ಗುಡ್ಡೆಹಾಕುತ್ತದೆ.

ಡಬ್ಬಿಗಳಿಂದ ಪಂಕ್ತಿಯು ಒಡೆಯುತ್ತದೆ, ಪ್ರತಿಯೊಬ್ಬನೂ ತನ್ನ ಹೊತ್ತಿಗೆ ತನ್ನ ಡಬ್ಬಿಯನ್ನು ಕಾಯಿಸಿಕೊಂಡು ಗೋಡೆಯ ಕಡೆಗೆ ಮುಖಮಾಡಿ ಉಣ್ಣುತ್ತಾನೆಂದು ದೂರುವವರಿದ್ದಾರೆ. ದೂರು ನಿಜ. ಬಿಸಿ ಹೋದುದಕ್ಕಿಂತ ಇದು ದೊಡ್ಡ ನಷ್ಟ. ಆದರೆ ಇದಕ್ಕೆ ಹಿಮವು ಕಾರಣವಲ್ಲ.

ಮಗಳ ಮನೆಯಲ್ಲಿ ಡಬ್ಬಿಗಳನ್ನು ತುಂಬಿಸಿಟ್ಟು ವಿಮಾನ ಹತ್ತಿದ ತಾಯಿಯ ವಿಷಯದಲ್ಲಿ ಮಾತ್ರ ಈ ಲೆಕ್ಕಗಳು ಹೊಂದುವುದಿಲ್ಲ. ಅಲ್ಲಿ ದುಡಿಮೆಯನ್ನು ಯಾರೂ ಕೇಳಿದವರಿಲ್ಲ. ಬೇಡವೆಂದು ಮಗಳು ಹೇಳಿದರೂ ನಿಲ್ಲಿಸಿದವರಿಲ್ಲ. ಸಾಮಾನ್ಯವಾಗಿ ಬಡಿಸುವ ಕೈಯೂ ಉಣ್ಣುವ ಬಾಯಿಯೂ ಎದುರುಬದುರಾಗಿರುತ್ತವೆ. ಸಾಕೆಂದರೂ ಇನ್ನೊಂದು ಸೌಟು ಹಾಕುವುದು, ಮುಖವನ್ನು ನೋಡಿ ಉಪ್ಪು ಹೆಚ್ಚಾಯಿತೇ ಎಂದು ಕೇಳುವುದು, ಇವೆಲ್ಲ ಕೂಡಿಯೇ ಅನ್ನದಾನ. ಇಲ್ಲಿ ಕೊಡುವವಳಿಗೂ ಕೊಳ್ಳುವವಳಿಗೂ ನಡುವೆ ಹತ್ತು ಸಾವಿರ ಮೈಲಿಯೂ ಎರಡು ತಿಂಗಳೂ ಇವೆ. ಪ್ರೀತಿಯಿಂದ ಮಾಡಿದ ಅಡಿಗೆಯಲ್ಲಿ ಪ್ರೀತಿಯು ಹಿಮದೊಳಗೂ ಉಳಿಯುತ್ತದೆಯೆಂದು ಹೇಳುವುದು ಚೆಲುವಾದ ಮಾತು. ಆದರೆ ಪರೀಕ್ಷಿಸಿ ನೋಡಿದರೆ ಡಬ್ಬಿಯಲ್ಲಿರುವುದು ಬೇಳೆ, ಹುಣಿಸೆ, ಮೆಣಸಿನಕಾಯಿ. ಉಳಿದುದು ಚೀಟಿಯ ಅಕ್ಷರವನ್ನು ಓದುವವಳಲ್ಲಿದೆ. ರಾತ್ರಿ ಮೂರು ಸಲ ಎದ್ದು ಕೂಸಿಗೆ ಹಾಲೂಡಿಸಿದ ಹೆಂಗಸು ಬೆಳಗ್ಗೆ ಆ ಡಬ್ಬಿಯನ್ನು ಹೊರತೆಗೆದಾಗ, ತಂಗಳೋ ಅಲ್ಲವೋ ಎಂಬ ಚರ್ಚೆಯು ಅವಳ ಕಿವಿಗೆ ಬೀಳುವುದಿಲ್ಲ.

ಒಂದೊಂದು ಮನೆಯಲ್ಲಿ, ತಾಯಿಯು ಊರಿಗೆ ಹಿಂದಿರುಗಿದ ಮೇಲೆ ಡಬ್ಬಿಗಳೆಲ್ಲ ಮುಗಿಯುವುದಕ್ಕೆ ಮೊದಲೇ ತೀರಿಕೊಳ್ಳುವುದುಂಟು. ಆಕೆಯು ಮಾಡಿಟ್ಟ ಹುಳಿಯ ಡಬ್ಬಿಯೊಂದು ಮಗಳ ಫ್ರೀಜರಿನ ಮೂಲೆಯಲ್ಲಿ ಉಳಿದಿರುತ್ತದೆ. ಅದನ್ನು ಉಣ್ಣುವುದಕ್ಕೆ ಮನಸ್ಸು ಬಾರದು, ಎಸೆಯುವುದಕ್ಕೆ ಕೈ ಬಾರದು. ತಾಯಿಯ ಕೈಯಡಿಗೆಯು ಜಗತ್ತಿನಲ್ಲಿ ಉಳಿದಿರುವುದು ಅಷ್ಟೇ. ಉಂಡರೆ ಅದೂ ಮುಗಿಯಿತು. ಹಾಗೆಂದು ಇಟ್ಟರೆ ತಿಂಗಳು ತಿಂಗಳಿಗೂ ಅದರ ಸಾರವು ಕುಂದುತ್ತದೆ. ಒಂದು ದಿನ ವಿದ್ಯುತ್ತು ಹೋದರೆ ಅಷ್ಟೂ ಇಲ್ಲ. ಇಡುವುದೇ ಗೌರವವೆಂದು ವಾದಿಸುವವರ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳಿವೆ. ಆದರೆ ಅದು ಇಡುವುದಕ್ಕಾಗಿ ಮಾಡಿದುದಲ್ಲ. ಮಗಳು ಹಸಿದಿರಬಾರದೆಂದು ಮಾಡಿದುದು. ಮಾಡಿದವಳ ಇಚ್ಛೆಯು ಡಬ್ಬಿಯ ಮೇಲೆಯೇ ಬರೆದಿದೆ. ಹಿಂದಿನ ರಾತ್ರಿ ಅದನ್ನು ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ, ಮರುದಿನ ಪಾತ್ರೆಗೆ ಸುರಿದು, ತಳ ಹತ್ತದಂತೆ ತಿರುವುತ್ತ ಚೆನ್ನಾಗಿ ಒಂದು ಕುದಿ ಬರಿಸಬೇಕು. ಆಗ ಮಡಿಲಲ್ಲಿದ್ದ ಕೂಸು ಈಗ ಮೆತ್ತನೆಯ ಅನ್ನವನ್ನು ತಿನ್ನುವಷ್ಟು ಬೆಳೆದಿದ್ದರೆ ಅದಕ್ಕೂ ಒಂದು ತುತ್ತು ಕಲಸಬಹುದು. ಖಾರವಾದರೆ ತುಪ್ಪವನ್ನು ಸ್ವಲ್ಪ ಹೆಚ್ಚಾಗಿ ಹಾಕಿದರಾಯಿತು. ಅನ್ನವನ್ನು ಮಾತ್ರ ಹೊಸದಾಗಿ ಮಾಡಬೇಕು.